ಮನೆ ಫಳಫಳ, ಮೂಗು ಸೊರಸೊರ

ಈ ಸಲ ಬಂದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತೆ. ಮುಕ್ಕಾಲು ಪಾಲು ಸೀನು, ಕಣ್ಣು ತುರಿಕೆ, ಉಬ್ಬಸದವೇ. ಹಾಗಾಗಿ ಕಲೆ ತೆಗೆಯುವುದು, ಬಣ್ಣ ಬಿಡುವ ಬಟ್ಟೆ, ಇಸ್ತ್ರಿ ಸುಟ್ಟ ಗುರುತು ಇವೆಲ್ಲ ಮುಂದಿನ ಸಂಚಿಕೆಗೆ ಇರಲಿ.

ಹೊಸದಾಗಿ ಓದುತ್ತಿರುವವರಿಗೆ ಒಂದು ಮಾತು. ನಾನು ಡಾಕ್ಟರಲ್ಲ. ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ 31 ವರ್ಷ ದುಡಿದು ನಿವೃತ್ತಳಾದವಳು. ಬೆಡ್‌ಶೀಟು, ದಿಂಬಿನ ಕವರು, ಕಂಬಳಿ, ಪರದೆ ಇವುಗಳ ನಡುವೆಯೇ ಆಯುಸ್ಸು ಕಳೆದಿದೆ. ಸಾಲದ್ದಕ್ಕೆ ನಾನೂ ಸೀನುವವಳೇ. ಬಟ್ಟೆ, ನೀರು, ಧೂಳಿನ ವಿಷಯ ಧೈರ್ಯವಾಗಿ ಹೇಳುತ್ತೇನೆ. ಔಷಧಿ ವಿಷಯ ಮಾತ್ರ ನಿಮ್ಮ ಡಾಕ್ಟರಿಗೆ ಬಿಟ್ಟಿದ್ದು. ನನ್ನ ಅಂಕಣ ಓದಿ ಮನೆ ತೊಳೆದೆ, ಇನ್ನು ಇನ್‌ಹೇಲರ್ ಯಾಕೆ ಅಂತ ಯಾರೂ ಎತ್ತಿಡಬೇಡಿ.

ಪ್ರಶ್ನೆ: ಅಮ್ಮಾ, ದಿನಾ ಎರಡು ಹೊತ್ತು ಗುಡಿಸಿ ಒರೆಸುತ್ತೇನೆ. ನೆಲದಲ್ಲಿ ಮುಖ ಕಾಣುತ್ತದೆ. ಆದರೂ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಹತ್ತು ಹದಿನೈದು ಸೀನು. ಮನೆಯಿಂದ ಹೊರಗೆ ಹೋದರೆ ಕಡಿಮೆಯಾಗುತ್ತದೆ. ಇನ್ನೂ ಎಲ್ಲಿ ಉಜ್ಜಲಿ?
ಸೀನಿ ಸಾಕಾದವಳು

ಉತ್ತರ: ಕಣ್ಣು ಬಿಟ್ಟ ಕೂಡಲೇ ಅಂದಿರಲ್ಲ, ಉತ್ತರ ಅಲ್ಲೇ ಇದೆ. ನೆಲ ನಿಮ್ಮ ಮೂಗಿನಿಂದ ನಾಲ್ಕೈದು ಅಡಿ ದೂರ. ದಿಂಬು? ಅದಕ್ಕೆ ಮೂಗು ಒತ್ತಿಕೊಂಡೇ ಏಳೆಂಟು ಗಂಟೆ ಮಲಗಿರುತ್ತೀರಿ. ನೆಲ ಉಜ್ಜುವ ಶ್ರಮದಲ್ಲಿ ಕಾಲು ಭಾಗ ಹಾಸಿಗೆಗೆ ಕೊಡಿ.

ಮನೆ ಧೂಳಿನಿಂದ ಅಲರ್ಜಿ ಆಗುತ್ತದೆ ಅನ್ನುವುದು ಹಳೆಯ ಮಾತು. ಆದರೆ ಧೂಳಿನಲ್ಲಿರುವ ಯಾವುದರಿಂದ ಅನ್ನುವುದು ಬಹಳ ಕಾಲ ಗೊತ್ತಿರಲಿಲ್ಲ. 1964ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ವೋರ್‌ಹೋರ್ಸ್ಟ್, ಸ್ಪೀಕ್ಸ್‌ಮಾ ಅನ್ನುವ ಸಂಶೋಧಕರು ಮತ್ತು ಅವರ ಜೊತೆಯವರು ಒಂದು ಪುಟ್ಟ ಹುಳದ ಕಡೆ ಬೆರಳು ತೋರಿಸಿದರು. ಧೂಳಿನ ನುಸಿ. ಒಂದು ಮಿಲಿಮೀಟರಿನ ಕಾಲು ಭಾಗದಷ್ಟು ಉದ್ದ, ಎಂಟು ಕಾಲು, ಜೇಡದ ದೂರದ ನೆಂಟ. ಬರಿಗಣ್ಣಿಗೆ ಕಾಣುವುದಿಲ್ಲ. ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದಕ್ಕೆ ಆಹಾರ. ತಿಂದ ಮೇಲೆ ಹಿಕ್ಕೆ ಹಾಕಬೇಕಲ್ಲ? ದಿನಕ್ಕೆ ಇಪ್ಪತ್ತರಷ್ಟು ಹಾಕುತ್ತದೆ. ನಮಗೆ ಸೀನು ತರಿಸುವುದು ಮುಖ್ಯವಾಗಿ ಆ ಹಿಕ್ಕೆ, ಅದರಲ್ಲಿರುವ ಪ್ರೋಟೀನು. ಹುಳ ಸತ್ತರೂ ಹಿಕ್ಕೆ ಅಲ್ಲೇ ಇರುತ್ತದೆ. ಕೊಲ್ಲುವುದು ಅರ್ಧ ಕೆಲಸ, ತೊಳೆದು ತೆಗೆಯುವುದು ಇನ್ನರ್ಧ. ಇದನ್ನು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಯಾರೂ ನಿಮಗೆ ಟೋಪಿ ಹಾಕಲಾರರು.

ಈ ನುಸಿ ನೀರು ಕುಡಿಯುವುದಿಲ್ಲ. ಗಾಳಿಯಲ್ಲಿರುವ ತೇವವನ್ನೇ ಮೈಗೆ ಎಳೆದುಕೊಳ್ಳುತ್ತದೆ. ನಾವು ರಾತ್ರಿಯಿಡೀ ಬೆವರಿ, ಉಸಿರು ಬಿಟ್ಟು ಹಾಸಿಗೆಯನ್ನು ಬೆಚ್ಚಗೆ, ತೇವವಾಗಿ ಇಡುತ್ತೇವೆ. ಬೆಳಿಗ್ಗೆ ಎದ್ದು ತಕ್ಷಣ ಹೊದಿಕೆ ಎಳೆದು ನೀಟಾಗಿ ಮುಚ್ಚುತ್ತೇವೆ. ಮುಚ್ಚಬೇಡಿ. ಹೊದಿಕೆ ಸರಿಸಿ, ಕಿಟಕಿ ತೆಗೆದು, ಒಂದೆರಡು ಗಂಟೆ ಹಾಗೇ ಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ಒಪ್ಪುತ್ತೇನೆ.

ಇನ್ನು ಒಗೆಯುವುದು. ದಿಂಬಿನ ಕವರು, ಹಾಸು, ಹೊದಿಕೆ ಇವು ವಾರಕ್ಕೊಮ್ಮೆ ನೀರು ಕಾಣಲೇಬೇಕು. ನೀರಿನ ಬಿಸಿ 60 ಡಿಗ್ರಿ ಸೆಲ್ಸಿಯಸ್. ತಣ್ಣೀರಿನಲ್ಲಿ ಒಗೆದರೂ ಹಿಕ್ಕೆ ಬಹಳಷ್ಟು ಹೋಗುತ್ತದೆ, ಅದು ನೀರಿನಲ್ಲಿ ಕರಗುವಂಥದ್ದು. ಆದರೆ ಹುಳ ಎಳೆ ಹಿಡಿದು ಕೂತುಬಿಡುತ್ತದೆ. ಮುಂದಿನ ವಾರ ಮತ್ತೆ ಅದೇ ಕಥೆ. ನಮ್ಮ ಲಾಂಡ್ರಿಯಲ್ಲಿ 71 ಡಿಗ್ರಿಗೆ ಕಡಿಮೆಯೆಂದರೆ 3 ನಿಮಿಷ ಅನ್ನುವ ಲೆಕ್ಕ ಗೋಡೆಯ ಮೇಲೆ ಬರೆದಿತ್ತು. ಅದು ರೋಗಾಣುವಿಗೆ. ನುಸಿಗೆ ಅಷ್ಟು ಬೇಡ.

ಮೆಷಿನ್ನಿನಲ್ಲಿ 60ರ ಗುರುತು ಇಲ್ಲವೇ? ಬಕೆಟ್ಟಿನಲ್ಲಿ ಎರಡು ಪಾಲು ಕುದಿಯುವ ನೀರಿಗೆ ಒಂದು ಪಾಲು ತಣ್ಣೀರು ಬೆರೆಸಿ. ಬಟ್ಟೆ ಹಾಕಿದ ಮೇಲೆ ಬಿಸಿ ಸ್ವಲ್ಪ ಇಳಿಯುತ್ತದೆ. ಕೋಲಿನಿಂದ ಅದುಮಿ, ಮುಚ್ಚಿ ಇಪ್ಪತ್ತು ನಿಮಿಷ ಬಿಟ್ಟು ಆಮೇಲೆ ಯಾವಾಗಿನಂತೆ ಒಗೆಯಿರಿ. ಕೈ ಹಾಕಿ ಬಿಸಿ ನೋಡುವ ಸಾಹಸ ಬೇಡ, ಬೊಬ್ಬೆ ಬರುತ್ತದೆ. ಮಕ್ಕಳು ಓಡಾಡುವ ಜಾಗದಲ್ಲಂತೂ ಆ ಬಕೆಟ್ಟು ಇಡಲೇಬೇಡಿ. ಉಣ್ಣೆ, ರೇಷ್ಮೆ ಈ ಬಿಸಿ ತಡೆಯುವುದಿಲ್ಲ. ಅವಕ್ಕೆ ಬೇರೆ ದಾರಿ ಇದೆ, ಕೊನೆಯ ಪತ್ರಕ್ಕೆ ಹೇಳುತ್ತೇನೆ.

ಹಾಸಿಗೆಯನ್ನು ಒಗೆಯಲಾಗದು. ಅದಕ್ಕೆ ಆರೂ ಕಡೆ ಮುಚ್ಚುವ, ಜಿಪ್ ಇರುವ, ದಟ್ಟ ನೇಯ್ಗೆಯ ಚೀಲ ಸಿಗುತ್ತದೆ. ಹಿಕ್ಕೆಯ ಗುಳಿಗೆ 10ರಿಂದ 40 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಅಂದರೆ ಒಂದು ಮೈಕ್ರಾನ್) ದಪ್ಪ, ಹಾಗಾಗಿ ಬಟ್ಟೆಯ ರಂಧ್ರ 10 ಮೈಕ್ರಾನಿಗಿಂತ ಸಣ್ಣದಿರಬೇಕು. ಮೂಲೆಗೆ ಇಲಾಸ್ಟಿಕ್ ಹಾಕಿ ಮೇಲಿನಿಂದ ಹೊದಿಸುವ ಹಾಸಿನಿಂದ ಈ ಕೆಲಸ ಆಗುವುದಿಲ್ಲ. ಕೆಳಗಿನಿಂದ ಎಲ್ಲ ತೆರೆದೇ ಇರುತ್ತದಲ್ಲ. ಎರಡಕ್ಕೂ ಒಟ್ಟಿಗೆ ದುಡ್ಡಿಲ್ಲದಿದ್ದರೆ ಮೊದಲು ದಿಂಬಿಗೆ ಹಾಕಿ.

ಒಂದು ಸಣ್ಣ ವಿಷಯ. ಹಾಸು ತೆಗೆಯುವಾಗ ಕೊಡವಬೇಡಿ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಬೆಡ್‌ಶೀಟನ್ನು ಎರಡು ಕೈಯಲ್ಲಿ ಹಿಡಿದು ಫಟ್ ಅಂತ ಕೊಡವುತ್ತಿದ್ದರು. ಅವರನ್ನು ಬೆಳಗಿನ ಬಿಸಿಲು ಬೀಳುವ ಕಿಟಕಿ ಪಕ್ಕ ನಿಲ್ಲಿಸಿ, ಈಗ ಕೊಡವಮ್ಮ ಅನ್ನುತ್ತಿದ್ದೆ. ಬಿಸಿಲ ಕೋಲಿನಲ್ಲಿ ಬೆಳ್ಳಗೆ ಹೊಗೆಯಂತೆ ಏಳುವುದನ್ನು ನೋಡಿ ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು. ಮತ್ತೆ ಹೇಳಬೇಕಾಗಲಿಲ್ಲ. ನಾಲ್ಕು ಮೂಲೆಯನ್ನು ಒಳಕ್ಕೆ ಮಡಚಿ, ಚಾಪೆಯಂತೆ ಸುತ್ತಿ, ಹಾಗೇ ಬಕೆಟ್ಟಿಗೆ ಇಳಿಸಿ.

ಪ್ರಶ್ನೆ: ಮೇಡಂ, ಅಲರ್ಜಿ ಅಂತಲೇ ದುಬಾರಿ ವ್ಯಾಕ್ಯೂಮ್ ಕ್ಲೀನರ್ ತಂದೆ. ಅದನ್ನು ಓಡಿಸಿದ ದಿನವೇ ನನಗೆ ಸೀನು ಜಾಸ್ತಿ. ಮನೆಯವಳು ನಗುತ್ತಾಳೆ. ಮೆಷಿನ್ ಮೋಸವೇ?
ದುಡ್ಡು ಕಳೆದುಕೊಂಡವನು

ಉತ್ತರ: ಮೋಸವೇನಲ್ಲ. ಮೆಷಿನ್ ಗಾಳಿಯನ್ನು ಎಳೆಯುತ್ತದೆ ಅಂದಮೇಲೆ ಆ ಗಾಳಿಯನ್ನು ಎಲ್ಲಾದರೂ ಬಿಡಲೇಬೇಕು. ಹಿಂದಿನಿಂದ ಬಿಡುತ್ತದೆ. ಒಳಗಿನ ಫಿಲ್ಟರ್ ಸಾಧಾರಣದ್ದಾಗಿದ್ದರೆ ದಪ್ಪ ಕಸ ಒಳಗೆ ಉಳಿದು ಸಣ್ಣ ಧೂಳು ಹಿಂದಿನಿಂದ ಹೊರಗೆ. ನೆಲದಲ್ಲಿ ಸುಮ್ನೆ ಬಿದ್ದಿದ್ದನ್ನು ಎಬ್ಬಿಸಿ ಮೂಗಿನ ಮಟ್ಟಕ್ಕೆ ತಂದು ಕೊಟ್ಟ ಹಾಗಾಯಿತು. ಹೆಪಾ ಫಿಲ್ಟರ್ ಅನ್ನುವುದು 0.3 ಮೈಕ್ರಾನ್ ಕಣಗಳಲ್ಲಿ ನೂರಕ್ಕೆ 99.97 ಪಾಲನ್ನು ತಡೆಯಬೇಕು, ಅದು ಅಳತೆ. ಡಬ್ಬದ ಮೇಲೆ 'ಹೆಪಾ ಮಾದರಿ', 'ಹೆಪಾದಂಥ' ಅಂತ ಬರೆದಿದ್ದರೆ ಆ ಅಳತೆಗೆ ಬದ್ಧರಾಗಿಲ್ಲ ಅಂತಲೇ ಅರ್ಥ. ಫಿಲ್ಟರ್ ಒಳ್ಳೆಯದಿದ್ದೂ ಅದರ ಸುತ್ತ ರಬ್ಬರು ಸರಿಯಾಗಿ ಕೂರದಿದ್ದರೆ ಪಕ್ಕದಿಂದ ಸೋರುತ್ತದೆ.

ನಿಮ್ಮ ಕಾಗದದಲ್ಲಿ ಇನ್ನೊಂದು ಕಣ್ಣಿಗೆ ಬಿತ್ತು. ಡಬ್ಬಿ ತುಂಬಿದಾಗ ಮನೆಯೊಳಗೇ ಬುಟ್ಟಿಗೆ ಸುರಿಯುತ್ತೀರಂತೆ. ಅಯ್ಯೋ! ಅರ್ಧ ಗಂಟೆ ಎಳೆದಿದ್ದೆಲ್ಲ ಅರ್ಧ ನಿಮಿಷದಲ್ಲಿ ವಾಪಸ್. ಹೊರಗೆ ಹೋಗಿ ಸುರಿಯಿರಿ. ಇಲ್ಲವೇ ಚೀಲ ಸಮೇತ ಎಸೆಯುವ ಮೆಷಿನ್ ನಿಮ್ಮಂಥವರಿಗೆ ವಾಸಿ.

ಮತ್ತೆ, ಅಲರ್ಜಿ ಇರುವವರೇ ಯಾಕೆ ಗುಡಿಸಬೇಕು? ನಗುವ ಮನೆಯವರಿಗೇ ಮೆಷಿನ್ ಕೊಡಿ. ನೀವು ಪಾತ್ರೆ ತೊಳೆಯಿರಿ. ಗುಡಿಸಿದ ಮೇಲೆ ಒಂದು ಗಂಟೆ ಆ ಕೋಣೆಗೆ ಹೋಗಬೇಡಿ. ನುಸಿಯ ಹಿಕ್ಕೆ ಭಾರ, ಅರ್ಧ ಗಂಟೆಯಲ್ಲಿ ಹೆಚ್ಚುಕಡಿಮೆ ಕೆಳಗೆ ಕೂರುತ್ತದೆ. ನೀವೊಬ್ಬರೇ ಇದ್ದು ಬೇರೆ ದಾರಿಯೇ ಇಲ್ಲದಿದ್ದರೆ ಮೂಗಿಗೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಹಾಕಿ. ಕರವಸ್ತ್ರ ಕಟ್ಟಿಕೊಂಡರೆ ಮನಸ್ಸಿಗೆ ಸಮಾಧಾನ, ಅಷ್ಟೇ.

ಪ್ರಶ್ನೆ: ಧೂಳು ಒರೆಸುವುದಕ್ಕೂ ಒಂದು ರೀತಿ ಇದೆಯಾ? ನಾನು ಪುಕ್ಕದ ಕುಂಚ ಬಳಸುತ್ತೇನೆ.
ಹೊಸ ಮನೆಯೊಡತಿ

ಉತ್ತರ: ಕುಂಚ ಧೂಳನ್ನು ತೆಗೆಯುವುದಿಲ್ಲ, ಜಾಗ ಬದಲಿಸುತ್ತದೆ. ಒದ್ದೆ ಬಟ್ಟೆ ಬಳಸಿ. ನೀರು ತೊಟ್ಟಿಕ್ಕಬಾರದು, ಹಿಂಡಿದ ಬಟ್ಟೆ. ಅದನ್ನು ಎರಡು ಸಲ ಮಡಚಿ. ಈಗ ತಿರುಗಿಸಿ ಮಗುಚಿ ನೋಡಿ, ಎಂಟು ಮುಖ ಸಿಗುತ್ತದೆ. ಒಂದು ಮುಖ ಕೊಳೆಯಾದರೆ ಇನ್ನೊಂದಕ್ಕೆ ತಿರುಗಿಸಿ. ಎಂಟೂ ಮುಗಿದ ಮೇಲೆ ಜಾಲಿಸಿ. ವಾರ್ಡಿನ ಆಯಾ ಒಬ್ಬರು ಇದನ್ನು ನನಗೆ ಹೇಳಿಕೊಟ್ಟಿದ್ದು. ಅಲ್ಲಿಯವರೆಗೆ ನಾನೂ ಬಟ್ಟೆಯನ್ನು ಮುದ್ದೆ ಮಾಡಿ ಅದೇ ಕೊಳೆಯನ್ನು ಮನೆಯೆಲ್ಲ ಸವರುತ್ತಿದ್ದೆ.

ಮೇಲಿನಿಂದ ಕೆಳಗೆ ಬನ್ನಿ. ಫ್ಯಾನಿನ ರೆಕ್ಕೆಗೆ ಹಳೇ ದಿಂಬಿನ ಕವರು ಒಳ್ಳೇ ಉಪಾಯ. ಸ್ವಿಚ್ ಆರಿಸಿ, ರೆಕ್ಕೆಗೆ ಕವರನ್ನು ಚೀಲದಂತೆ ತೊಡಿಸಿ, ಎರಡೂ ಕಡೆಯಿಂದ ಒತ್ತಿ ನಿಧಾನವಾಗಿ ಎಳೆದುಕೊಳ್ಳಿ. ಧೂಳು ಚೀಲದೊಳಕ್ಕೆ ಬೀಳುತ್ತದೆ, ತಲೆ ಮೇಲೆ ಅಲ್ಲ. ಕಪಾಟಿನ ನೆತ್ತಿ, ಬಾಗಿಲ ಚೌಕಟ್ಟಿನ ಮೇಲಂಚು, ಮಂಚದ ತಲೆಹಲಗೆಯ ಹಿಂದೆ, ಇವು ಯಾರೂ ಮುಟ್ಟದ ಜಾಗಗಳು. ನೆಲ ಕೊನೆಗೆ.

ಪ್ರಶ್ನೆ: ಹೋದ ವರ್ಷ ನೀವು ಹೇಳಿದಿರಿ ಅಂತ ಹಾಸಿಗೆಗೂ ದಿಂಬಿಗೂ ಜಿಪ್ ಕವರು ಹಾಕಿಸಿದೆ. ಆರು ತಿಂಗಳಾಯಿತು. ಉಬ್ಬಸದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಸುಮ್ನೆ ಬರೆಯುತ್ತೀರಾ ಹೇಗೆ?
ನೊಂದ ಓದುಗ

ಉತ್ತರ: ಬೈದಿದ್ದು ಸರಿ. ಆವತ್ತು ನಾನು ಅರ್ಧ ಮಾತ್ರ ಹೇಳಿದ್ದೆ. ಉಳಿದರ್ಧ ಇಲ್ಲಿದೆ.

2003ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಬಂತು. ಉಬ್ಬಸ ಇರುವ ದೊಡ್ಡವರಿಗೆ ನುಸಿ ತಡೆಯುವ ಕವರುಗಳನ್ನಷ್ಟೇ ಕೊಟ್ಟು ನೋಡಿದರು. ಸಾದಾ ಕವರು ಹಾಕಿಕೊಂಡವರಿಗಿಂತ ಅವರಿಗೆ ಏನೂ ಹೆಚ್ಚು ಗುಣ ಕಾಣಲಿಲ್ಲ. ಮರುವರ್ಷ, ಅದೇ ಪತ್ರಿಕೆಯಲ್ಲಿ ಇನ್ನೊಂದು. ಅಮೆರಿಕದ ಏಳು ನಗರಗಳ 5ರಿಂದ 11 ವರ್ಷದ ಮಕ್ಕಳು. ಅಲ್ಲಿ ಬರೀ ಕವರು ಕೊಟ್ಟು ಸುಮ್ಮನಾಗಲಿಲ್ಲ. ಪ್ರತಿ ಮಗುವಿಗೂ ಯಾವುದರ ಅಲರ್ಜಿ ಇದೆ ಅಂತ ಮೊದಲು ಚರ್ಮದ ಪರೀಕ್ಷೆ ಮಾಡಿ ನೋಡಿದರು. ನುಸಿಯೋ, ಜಿರಳೆಯೋ, ಸಾಕುಪ್ರಾಣಿಯೋ, ಬೂಷ್ಟೋ, ಅದಕ್ಕೆ ತಕ್ಕಂತೆ ಆ ಮನೆಯಲ್ಲಿ ನಾಲ್ಕಾರು ಕೆಲಸ ಒಟ್ಟಿಗೆ ಮಾಡಿಸಿದರು. ಸಿಗರೇಟಿನ ಹೊಗೆಯನ್ನೂ ಬಿಡಲಿಲ್ಲ. ಆ ಮಕ್ಕಳಿಗೆ ಉಬ್ಬಸ ಕಾಡುವ ದಿನಗಳು ಕಡಿಮೆಯಾದವು.

ನಿಮಗೆ ಕೇಳುತ್ತೇನೆ. ನುಸಿಯ ಅಲರ್ಜಿ ಇದೆ ಅಂತ ನಿಮಗೆ ಹೇಳಿದ್ದು ಯಾರು? ಪರೀಕ್ಷೆ ಆಗಿದೆಯಾ, ಅಥವಾ ನನ್ನ ಅಂಕಣ ಓದಿ ನೀವೇ ತೀರ್ಮಾನ ಮಾಡಿದಿರಾ? ಗೋಡೆಯ ಬೂಷ್ಟಿನಿಂದ ಉಬ್ಬಸ ಬರುವವರು ಹಾಸಿಗೆಗೆ ಏಳು ಕವರು ಹಾಕಿದರೂ ಅಷ್ಟೇ. ಚರ್ಮದ ಮೇಲೆ ಒಂದೊಂದು ಹನಿ ಇಟ್ಟು ಸೂಜಿಯಿಂದ ಚುಚ್ಚಿ ನೋಡುತ್ತಾರೆ, ಕಾಲು ಗಂಟೆಯಲ್ಲಿ ಗಂಧೆ ಎದ್ದಿದೆಯಾ ಇಲ್ಲವಾ ಗೊತ್ತಾಗುತ್ತದೆ. ಮೊದಲು ಅದು ಆಗಲಿ. ನುಸಿಯೇ ಅಂತಾದರೆ ಕವರಿನ ಜೊತೆಗೆ ಬಿಸಿನೀರು, ಒದ್ದೆ ಬಟ್ಟೆ, ಕಾರ್ಪೆಟ್ಟಿಗೆ ವಿದಾಯ, ಒಣ ಕೋಣೆ, ಎಲ್ಲ ಸೇರಬೇಕು. ಕೋಣೆಯ ಗಾಳಿಯ ತೇವ ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ಅದು ಶೇಕಡ 50ಕ್ಕಿಂತ ಕೆಳಗಿದ್ದರೆ ನುಸಿಗೆ ಬದುಕು ಕಷ್ಟ. 70, 80 ತೋರಿಸುತ್ತಿದ್ದರೆ ನಿಮ್ಮ ಕವರಿನ ಹೊರಗೇ ಹೊಸ ಸಂಸಾರ ಹೂಡಿರುತ್ತದೆ.

ಪ್ರಶ್ನೆ: ಕಪಾಟಿನ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು. ಬ್ಲೀಚಿಂಗ್ ದ್ರಾವಣ ಹಾಕಿ ಉಜ್ಜಿದೆ, ಬೆಳ್ಳಗಾಯಿತು. ತಿಂಗಳಿಗೆ ಮತ್ತೆ ಕಪ್ಪು. ಆ ಕೋಣೆಯಲ್ಲಿ ಮಲಗುವ ಮಗನಿಗೆ ರಾತ್ರಿ ಕೆಮ್ಮು.
ಚಿಂತೆಯಲ್ಲಿರುವ ತಾಯಿ

ಉತ್ತರ: ಮಗನನ್ನು ಇವತ್ತೇ ಬೇರೆ ಕೋಣೆಯಲ್ಲಿ ಮಲಗಿಸಿ. ಕೆಮ್ಮು ಡಾಕ್ಟರಿಗೆ ತೋರಿಸಿ. ಆಮೇಲೆ ಗೋಡೆ.

ಬ್ಲೀಚು ಬಣ್ಣ ತೆಗೆಯುತ್ತದೆ. ಗಾರೆಯಂಥ ನೀರು ಹೀರುವ ಗೋಡೆಯಲ್ಲಿ ಬೂಷ್ಟಿನ ಬೇರು ಒಳಗಿರುತ್ತದೆ, ಅಲ್ಲಿಗೆ ಬ್ಲೀಚು ಇಳಿಯುವುದಿಲ್ಲ. ಅದೂ ಅಲ್ಲದೆ ಸತ್ತ ಬೂಷ್ಟೂ ಅಲರ್ಜಿ ಮಾಡುತ್ತದೆ. ಇಲ್ಲಿ ಹುಡುಕಬೇಕಾದ್ದು ನೀರು ಎಲ್ಲಿಂದ ಬರುತ್ತಿದೆ ಅನ್ನುವುದನ್ನು. ಆಚೆ ಕಡೆ ಬಚ್ಚಲು ಇದೆಯಾ? ಪೈಪು ಸೋರುತ್ತಿದೆಯಾ? ಮಳೆ ನೀರು ಬಿರುಕಿನಿಂದ ಇಳಿಯುತ್ತಿದೆಯಾ? ಯಾವುದೂ ಅಲ್ಲದಿದ್ದರೆ ಕಪಾಟನ್ನು ಗೋಡೆಗೆ ಅಂಟಿಸಿ ಇಟ್ಟಿದ್ದೇ ಕಾರಣ ಇರಬಹುದು. ಹಿಂದೆ ಗಾಳಿ ಆಡದೆ ತಣ್ಣನೆ ಗೋಡೆಯ ಮೇಲೆ ತೇವ ಕೂರುತ್ತದೆ. ಒಂದು ಗೇಣು ಮುಂದಕ್ಕೆ ಎಳೆಯಿರಿ. ಸೋರಿಕೆ ನಿಲ್ಲಿಸಿ, ಸೋಪು ನೀರಿನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ. ಗಾರೆ ಮೆತ್ತಗಾಗಿ ಉದುರುತ್ತಿದ್ದರೆ ಅಷ್ಟು ಭಾಗ ಕೆತ್ತಿಸಿ ಹೊಸದಾಗಿ ಮಾಡಿಸಬೇಕು. ಒಣಗುವ ಮುಂಚೆ ಮೇಲೆ ಬಣ್ಣ ಬಳಿದರೆ ಬಣ್ಣವೂ ಹಾಳು. ಮುಂದೆಂದಾದರೂ ನೀರು ಚೆಲ್ಲಿ ಹಾಸು, ಕಾರ್ಪೆಟ್ಟು, ರಟ್ಟಿನ ಪೆಟ್ಟಿಗೆ ನೆನೆದರೆ ಒಂದೆರಡು ದಿನದೊಳಗೆ ಒಣಗಿಸಿ. ಅದು ದಾಟಿದರೆ ಬೂಷ್ಟು ಹಿಡಿಯಲು ಶುರು.

ಬ್ಲೀಚಿನ ವಿಷಯದಲ್ಲಿ ನನ್ನದೇ ಪೆದ್ದುತನ ಒಂದಿದೆ. ಕೆಲಸದಲ್ಲಿ ಅಷ್ಟು ವರ್ಷ ಹುಡುಗಿಯರಿಗೆ ಎಚ್ಚರಿಕೆ ಹೇಳಿದವಳು, ಮನೆಯಲ್ಲಿ ಒಂದು ಭಾನುವಾರ ಬಚ್ಚಲಿನ ಮೂಲೆಗೆ ಬ್ಲೀಚು ಸುರಿದು ಬಿಟ್ಟಿದ್ದೆ. ಹತ್ತು ನಿಮಿಷ ಬಿಟ್ಟು ಅದನ್ನು ಮರೆತು, ಕಮೋಡಿಗೆ ಹಾಕುವ ಆಸಿಡ್ ಅಲ್ಲೇ ಚೆಲ್ಲಿದೆ. ಹಸಿರು ವಾಸನೆ ಅನ್ನಲೇ ಅದನ್ನು? ಗಂಟಲು ಯಾರೋ ಹಿಸುಕಿದ ಹಾಗಾಯಿತು. ಬಾಗಿಲು ತೆಗೆದು ತೆವಳಿಕೊಂಡು ಹೊರಗೆ ಬಂದೆ. ಅದು ಕ್ಲೋರಿನ್ ಅನಿಲ. ಎರಡು ದಿನ ಕೆಮ್ಮಿದೆ. ಬ್ಲೀಚಿನ ಜೊತೆ ಆಸಿಡ್, ವಿನೆಗರ್, ಅಮೋನಿಯಾ ಯಾವುದೂ ಸೇರಬಾರದು. ಉಬ್ಬಸದವರು ಇರುವ ಮನೆಯಲ್ಲಂತೂ ಬರೀ ಬ್ಲೀಚಿನ ವಾಸನೆಯೇ ಸಾಕು ಉಸಿರು ಕಟ್ಟಲು. ಪರಿಮಳದ ಫಿನಾಯಿಲು, ರೂಮ್ ಸ್ಪ್ರೇ ಇವೂ ಅಷ್ಟೇ. ಶುಚಿಯಾದ ಮನೆಗೆ ವಾಸನೆ ಇರಬೇಕು ಅಂತ ಯಾರು ಹೇಳಿಕೊಟ್ಟರೋ.

ಪ್ರಶ್ನೆ: ಮಗಳಿಗೆ ಬೆಕ್ಕು ಅಂದರೆ ಪ್ರಾಣ. ಅವಳ ಕಣ್ಣು ಕೆಂಪಾಗಿ ಊದುತ್ತದೆ. ಪರೀಕ್ಷೆಯಲ್ಲೂ ಬೆಕ್ಕೇ ಅಂತ ಬಂತು. ವಾರಕ್ಕೊಮ್ಮೆ ಬೆಕ್ಕಿಗೆ ಸ್ನಾನ ಮಾಡಿಸಿದರೆ ಸಾಕಲ್ವಾ? ಮನೆಯಿಂದ ಕಳಿಸಲು ಮನಸ್ಸಿಲ್ಲ.
ಇಬ್ಬರ ಅಪ್ಪ (ಮಗಳು ಒಂದು, ಬೆಕ್ಕು ಒಂದು)

ಉತ್ತರ: ನಿಮ್ಮ ಸಹಿ ನೋಡಿದ ಮೇಲೆ ಕಳಿಸಿಬಿಡಿ ಅನ್ನಲು ನನಗೂ ಬಾಯಿ ಬರಲಿಲ್ಲ. ಆದರೂ ಇದ್ದದ್ದು ಹೇಳುತ್ತೇನೆ.

ತೊಂದರೆ ಕೂದಲಿನದಲ್ಲ. ಬೆಕ್ಕಿನ ಜೊಲ್ಲು ಮತ್ತು ಚರ್ಮದ ಜಿಡ್ಡಿನಲ್ಲಿರುವ ಒಂದು ಪ್ರೋಟೀನಿನದು. ಬೆಕ್ಕು ಮೈ ನೆಕ್ಕಿಕೊಳ್ಳುತ್ತದೆ, ಅದು ಒಣಗುತ್ತದೆ, ಪುಡಿಯಾಗಿ ಹಾರುತ್ತದೆ. ಈ ಪುಡಿ ನುಸಿಯ ಹಿಕ್ಕೆಯಂತೆ ಭಾರವಲ್ಲ. ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಗೋಡೆ, ಪರದೆ, ಬಟ್ಟೆ ಎಲ್ಲಕ್ಕೂ ಅಂಟುತ್ತದೆ. ಬೆಕ್ಕು ಇಲ್ಲದ ಮನೆಗಳಲ್ಲಿ, ಶಾಲೆಗಳಲ್ಲಿ ಹುಡುಕಿದರೂ ಸಿಗುತ್ತದೆ, ಜನರ ಬಟ್ಟೆಯ ಮೇಲೆ ಕೂತು ಹೋಗಿರುತ್ತದೆ. ಸ್ನಾನ ಮಾಡಿಸಿದರೆ ಕಡಿಮೆಯಾಗುವುದು ನಿಜ, ಆದರೆ ಒಂದೆರಡು ದಿನಕ್ಕೆ ಮೊದಲಿನಷ್ಟೇ ಆಗುತ್ತದೆ. ವಾರಕ್ಕೊಮ್ಮೆ ಅಂದರೆ ಬೆಕ್ಕಿಗೂ ಹಿಂಸೆ, ನಿಮಗೂ ಪರಚುಗಾಯ.

ಬೆಕ್ಕನ್ನು ಇಟ್ಟುಕೊಂಡೇ ಮಾಡುವುದಾದರೆ ಮಗಳು ಮಲಗುವ ಕೋಣೆಗೆ ಅದಕ್ಕೆ ಪ್ರವೇಶ ಇಲ್ಲ. ಹಗಲೂ ಇಲ್ಲ, ಅವಳು ಶಾಲೆಗೆ ಹೋದಾಗಲೂ ಇಲ್ಲ. ಬಟ್ಟೆ ಹೊದಿಸಿದ ಸೋಫಾ, ದಪ್ಪ ಪರದೆ, ಕಾರ್ಪೆಟ್ಟು ಆ ಕೋಣೆಯಿಂದ ತೆಗೆಯಿರಿ. ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಸ್ವಲ್ಪ ಸಹಾಯ ಮಾಡುವುದು ಇಂಥ ಕಡೆ, ತೇಲುವ ಕಣ ಆದ್ದರಿಂದ. ಬೆಕ್ಕನ್ನು ಮುದ್ದಾಡಿದ ಮೇಲೆ ಕೈ ತೊಳೆದು, ಅಂಗಿ ಬದಲಿಸಿ. ಆ ಕೈ ಕಣ್ಣಿಗೆ ಹೋಗಬಾರದು. ಇಷ್ಟೆಲ್ಲ ಮಾಡಿ ಮೂರು ತಿಂಗಳು ನೋಡಿ. ಅಷ್ಟರೊಳಗೆ ಎದೆಯಲ್ಲಿ ಸುಯ್‌ಸುಯ್ ಶುರುವಾದರೆ ಮಾತ್ರ ಕಾಯಬೇಡಿ, ಬೆಕ್ಕಿಗೆ ಒಳ್ಳೆಯ ಮನೆ ಹುಡುಕಿ. ಕಳಿಸಿದ ಮೇಲೂ ಮನೆಯಲ್ಲಿ ಅದರ ಪುಡಿ ಇಳಿಯಲು ನಾಲ್ಕೈದು ತಿಂಗಳು ಹಿಡಿಯಬಹುದು. ವಾರದಲ್ಲೇ ಗುಣ ಕಾಣಲಿಲ್ಲ ಅಂತ ಗಾಬರಿಯಾಗಬೇಡಿ.

ಬೆಕ್ಕಿನ ಬದಲು 'ಅಲರ್ಜಿ ಆಗದ ತಳಿ'ಯ ನಾಯಿ ತರುವ ಯೋಚನೆ ಅಂತಲೂ ಬರೆದಿದ್ದೀರಿ. ಅಂಥ ತಳಿಯ ನಾಯಿಗಳಿರುವ ಮನೆಗಳ ಧೂಳು ಅಳೆದು ನೋಡಿದಾಗ ಬೇರೆ ನಾಯಿಗಳ ಮನೆಗಿಂತ ಕಡಿಮೆಯೇನೂ ಇರಲಿಲ್ಲ. ಹೆಸರು ನೋಡಿ ದುಡ್ಡು ಕೊಡಬೇಡಿ.

ಪ್ರಶ್ನೆ: ಏರ್ ಪ್ಯೂರಿಫೈಯರ್ ತಗೊಳ್ಳಲಾ ಬೇಡವಾ? ನನಗಿರುವುದು ನುಸಿಯ ಅಲರ್ಜಿ.

ಉತ್ತರ: ಬೇಡ. ನುಸಿಯ ಹಿಕ್ಕೆ ಗಾಳಿಯಲ್ಲಿ ನಿಲ್ಲುವುದೇ ಇಲ್ಲ, ಪ್ಯೂರಿಫೈಯರ್ ಹಿಡಿಯುವುದೇನನ್ನು? ಆ ದುಡ್ಡಿನಲ್ಲಿ ದಿಂಬು ಬದಲಿಸಿ. ಓಝೋನ್ ಬಿಡುವ ಯಂತ್ರವನ್ನಂತೂ ಯಾರಿಗೆ ಯಾವ ಅಲರ್ಜಿ ಇದ್ದರೂ ತರಬಾರದು, ಓಝೋನ್ ಶ್ವಾಸಕೋಶಕ್ಕೇ ಕೆಟ್ಟದ್ದು.

ಪ್ರಶ್ನೆ: ರಾತ್ರಿ ಲೈಟು ಹಾಕಿದರೆ ಜಿರಳೆ ಓಡುತ್ತವೆ. ದಿನಾ ಸ್ಪ್ರೇ ಹೊಡೆಯುತ್ತೇನೆ. ಮನೆಯವರಿಗೆ ಉಬ್ಬಸ ಇದೆ.

ಉತ್ತರ: ಜಿರಳೆಯ ಹಿಕ್ಕೆ, ಜೊಲ್ಲು, ಕಳಚಿದ ಪೊರೆ, ಸತ್ತ ಮೈ ಎಲ್ಲವೂ ಅಲರ್ಜಿ ಮಾಡುವಂಥವು, ಉಬ್ಬಸದವರಿಗೆ ಬಹಳ ಕೆಟ್ಟದ್ದು. ಸ್ಪ್ರೇ ಅದಕ್ಕಿಂತ ಒಳ್ಳೆಯದೇನಲ್ಲ, ನೇರ ಉಸಿರಿಗೇ ಹೋಗುತ್ತದೆ. ಜೆಲ್ ಬೆಟ್, ಅಂದರೆ ಜಿರಳೆ ತಿಂದು ಸಾಯುವ ವಿಷದ ಅಂಟು, ಹಾಕಿ. ಕಾಳಿನಷ್ಟು ಹನಿ, ಸಿಂಕಿನ ಕೆಳಗೆ, ಕಪಾಟಿನ ಸಂದಿಯಲ್ಲಿ. ಅದರ ಹತ್ತಿರ ಸ್ಪ್ರೇ ಹೊಡೆದರೆ ಜಿರಳೆ ಬೆಟ್ ಮುಟ್ಟುವುದಿಲ್ಲ, ಆದ್ದರಿಂದ ಎರಡರಲ್ಲಿ ಒಂದು. ರಾತ್ರಿ ಎಂಜಲು ಪಾತ್ರೆ ಬಿಡಬೇಡಿ, ತೊಟ್ಟಿಕ್ಕುವ ನಲ್ಲಿ ರಿಪೇರಿ ಮಾಡಿಸಿ. ಜಿರಳೆ ಹೋದ ಮೇಲೆ ಎಲ್ಲ ಸಂದಿಯನ್ನೂ ಸೋಪು ನೀರಿನಲ್ಲಿ ತೊಳೆಯಬೇಕು. ಈ ಕೊನೆಯ ಕೆಲಸವನ್ನೇ ಎಲ್ಲರೂ ಮರೆಯುವುದು.

ಪ್ರಶ್ನೆ: ಕಿಟಕಿ ತೆಗೆಯಿರಿ ಅಂತ ನೀವು, ಮುಚ್ಚಿ ಅಂತ ಡಾಕ್ಟರು. ಯಾರ ಮಾತು ಕೇಳಲಿ? ನನಗೆ ಹೂವಿನ ಪರಾಗದ ಅಲರ್ಜಿ ಅಂತೆ.

ಉತ್ತರ: ಡಾಕ್ಟರ ಮಾತು. ಕಿಟಕಿ ತೆಗೆಯುವುದು ನುಸಿ, ಬೂಷ್ಟಿನವರಿಗೆ. ನಿಮ್ಮ ಶತ್ರು ಒಳಬರುವುದೇ ಕಿಟಕಿಯಿಂದ. ಪರಾಗ ಹಾರುವ ಕಾಲದಲ್ಲಿ, ಅದರಲ್ಲೂ ಒಣ ಗಾಳಿ ಬೀಸುವ ದಿನ ಮುಚ್ಚಿಡಿ, ಒಗೆದ ಹಾಸು ಹೊದಿಕೆಯನ್ನು ಹೊರಗೆ ಒಣಗಿಸಬೇಡಿ. ಹೊರಗಿನಿಂದ ಬಂದ ಕೂಡಲೇ ಬಟ್ಟೆ ಬದಲಿಸಿ. ರಾತ್ರಿ ಮಲಗುವ ಮುಂಚೆ ತಲೆಗೆ ನೀರು ಹಾಕಿಕೊಳ್ಳಿ. ಕೂದಲಲ್ಲಿ ಕೂತ ಪರಾಗ ನೇರ ದಿಂಬಿಗೆ ಇಳಿಯುತ್ತದೆ.

ಪ್ರಶ್ನೆ: 'ಅತಿಯಾಗಿ ತೊಳೆದು ತೊಳೆದೇ ಮಕ್ಕಳಿಗೆ ಅಲರ್ಜಿ ಬಂದಿದ್ದು' ಅಂತಾರೆ ನಮ್ಮತ್ತೆ. ಅದರಲ್ಲಿ ನಿಜ ಇದೆಯಾ?
ಸೊಸೆ

ಉತ್ತರ: ನಿಮ್ಮತ್ತೆಯ ಮಾತಿಗೆ ಒಂದು ಹಿನ್ನೆಲೆ ಇದೆ. 1989ರಲ್ಲಿ ಡೇವಿಡ್ ಸ್ಟ್ರಾಚನ್ ಅನ್ನುವ ಬ್ರಿಟಿಷ್ ಸಂಶೋಧಕರು ಒಂದು ಲೆಕ್ಕ ಮುಂದಿಟ್ಟರು. ಅಣ್ಣ ಅಕ್ಕಂದಿರು ಜಾಸ್ತಿ ಇರುವ ಮನೆಯ ಮಕ್ಕಳಿಗೆ ಪರಾಗದ ಅಲರ್ಜಿ ಕಡಿಮೆ. ಚಿಕ್ಕಂದಿನಲ್ಲಿ ಒಬ್ಬರಿಂದೊಬ್ಬರಿಗೆ ಅಂಟುವ ಸಣ್ಣಪುಟ್ಟ ಸೋಂಕು ಒಳ್ಳೆಯದು ಮಾಡುತ್ತದೇನೋ ಅನ್ನುವುದು ಅವರ ಊಹೆ. ಆಮೇಲೆ ಅದರ ಮೇಲೆ ಬಹಳ ಚರ್ಚೆ ನಡೆದಿದೆ. ಆದರೆ ಅದು ಅಲರ್ಜಿ ಬರುವ ಮುಂಚಿನ ಮಾತು. ಬಂದಾದ ಮೇಲೆ ಧೂಳು ತಿನ್ನಿಸಿದರೆ ಹೋಗುತ್ತದೆ ಅಂತ ಅವರು ಹೇಳಿಲ್ಲ. ಈಗ ನಿಮ್ಮ ಮಗ ಉಬ್ಬಸ ಪಡುತ್ತಿದ್ದಾನೆ, ಅವನ ದಿಂಬು ಒಗೆಯಲೇಬೇಕು. ಅತ್ತೆಯ ಹತ್ತಿರ ಗೆಲ್ಲುವ ಆಸೆ ಮಾತ್ರ ಬಿಟ್ಟುಬಿಡಿ. ಹೋಗಿ ಆ ಎಂಟು ಮುಖದ ಬಟ್ಟೆ ಮಡಚುವುದನ್ನು ತೋರಿಸಿ. ಅದರಲ್ಲಿ ಅವರು ನಿಮಗಿಂತ ಚುರುಕಿರುತ್ತಾರೆ.

ಪ್ರಶ್ನೆ: ಅಜ್ಜೀ, ನನಗೆ ಎಂಟು ವರ್ಷ. ನನ್ನ ಕರಡಿ ಗೊಂಬೇನ ಅಮ್ಮ ಫ್ರೀಜರಲ್ಲಿ ಇಡ್ತೀನಿ ಅಂತಾಳೆ. ಅದಕ್ಕೆ ಚಳಿ ಆಗಲ್ವಾ? ಅದನ್ನ ಹಿಡ್ಕೊಂಡೇ ನಾನು ಮಲಗೋದು.

ಉತ್ತರ: ಮಗೂ, ಕರಡಿಗೆ ದಪ್ಪ ಕೋಟು ಇದೆ, ಏನೂ ಆಗಲ್ಲ. ಅದರ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಪುಟ್ಟ ಹುಳುಗಳು ಸೇರಿಕೊಂಡಿವೆ, ಚಳಿ ಆಗೋದು ಅವಕ್ಕೆ. ಅಮ್ಮನಿಗೆ ಇದನ್ನು ಓದಿ ಹೇಳು: ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ ಇಡಬೇಕು. ಒಂದು ರಾತ್ರಿ ಸಾಲದು. ಕಡಿಮೆಯೆಂದರೆ ಒಂದು ಹಗಲು ಒಂದು ರಾತ್ರಿ, ಕರಡಿ ದಪ್ಪಗಿದ್ದರೆ ಎರಡು ದಿನ. ಹೊರಗೆ ತೆಗೆದ ಮೇಲೆ ಒಗೆಯಲೇಬೇಕು, ತಣ್ಣೀರಾದರೂ ಪರವಾಗಿಲ್ಲ. ಹುಳ ಸತ್ತಿದ್ದರೂ ಅದರ ಕೊಳೆ ಒಳಗೇ ಇರುತ್ತಲ್ಲ. ಉಣ್ಣೆ ಶಾಲು, ಸ್ವೆಟರು ಇರುವ ದೊಡ್ಡವರೂ ಹೀಗೇ ಮಾಡಬಹುದು.

ಒಗೆದ ಮೇಲೆ ಬಿಸಿಲಲ್ಲಿ ಒಣಗಿಸಿ. ಮೇಲೆ ಮುಟ್ಟಿ ನೋಡಿ ಆಯ್ತು ಅನ್ನಬೇಡ. ಕಿವಿಯ ಬುಡ, ಕಂಕುಳು, ಹೊಟ್ಟೆ ಒತ್ತಿ ನೋಡು. ತಣ್ಣಗೆ ಅನಿಸಿದರೆ ಇನ್ನೂ ಒಂದು ದಿನ ಬಿಸಿಲಿಗೆ. ಆ ಎರಡು ಮೂರು ರಾತ್ರಿ ನಿನ್ನ ಹತ್ತಿರ ಮಲಗೋಕೆ ಯಾರು ಬರ್ತಾರೆ ಅಂತ ಈಗಲೇ ಯೋಚನೆ ಮಾಡಿಟ್ಟುಕೋ.